ಮನೆಯಲ್ಲೇ ಆಗುವ ಕಟಿಂಗ್

ನನ್ನ ತಲೆಯನ್ನು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಮರುಗುತ್ತಾರೆ. ಎಡಗಿವಿಯ ಮೇಲೆ ನುಣ್ಣಗೆ, ಅದರ ಪಕ್ಕದಲ್ಲೇ ಒಂದು ಜೊಂಪೆ. ಹಿಂಭಾಗ ಹೇಗಿದೆಯೋ ನಾನು ನೋಡಿಲ್ಲ, ನೋಡಿದವರು ಹೇಳುವುದಿಲ್ಲ. ನಾನು ನ್ಯೂಜಿಲೆಂಡಿನಲ್ಲಿ, ಆಕ್ಲೆಂಡ್ ನಗರದ ಏವನ್‌ಡೇಲ್‌ನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಅಲ್ಲಿಯ ನನ್ನ ಸಹೋದ್ಯೋಗಿ, ಸಮೋವಾದ ಹೆಂಗಸು, ಪ್ರತಿ ತಿಂಗಳೂ ನನ್ನನ್ನು ನೋಡಿ, “ಈ ಸಲ ಯಾರ ಜೊತೆ ಹೊಡೆದಾಡಿದೆ?” ಎಂದು ವಿಚಾರಿಸುತ್ತಾಳೆ. ಯಾರ ಜೊತೆಯೂ ಇಲ್ಲ. ಬಚ್ಚಲಮನೆಯ ಕನ್ನಡಿಯ ಮುಂದೆ ಟ್ರಿಮ್ಮರ್ ಹಿಡಿದು ನಿಂತು ನನ್ನ ಕಟಿಂಗನ್ನು ನಾನೇ ಮಾಡಿಕೊಳ್ಳುತ್ತೇನೆ, ಅಷ್ಟೆ.

ಕಟಿಂಗ್ ಶಾಪುಗಳಿಗೇನೂ ಬರವಿಲ್ಲ. ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ದಿನಸಿ ಅಂಗಡಿ, ದೋಸೆ ಹೋಟೆಲು, ಚಾಟ್ ಅಂಗಡಿ, ಅವುಗಳ ನಡುವೆ ಕನ್ನಡಿ ಕುರ್ಚಿಗಳ ಶಾಪುಗಳು. ಬಾಗಿಲಲ್ಲಿ ನಿಂತ ಹುಡುಗರು ಬನ್ನಿ ಬ್ರದರ್ ಎಂದು ಕರೆಯುತ್ತಾರೆ. ನನ್ನ ಕಾಲು ಮಾತ್ರ ಹೊಸ್ತಿಲು ದಾಟುವುದಿಲ್ಲ. ಏಕೆಂದು ಕೇಳಿದವರಿಗೆ ಉಳಿತಾಯ ಎನ್ನುತ್ತೇನೆ. ಹಾಗಾಗಿ ಇಲ್ಲಿಯ ಕನ್ನಡಿಗರಲ್ಲಿ ನಾನು ಕಡುಜಿಪುಣನೆಂದು ಹೆಸರಾಗಿದ್ದೇನೆ. ಆ ಬಿರುದನ್ನು ನಾನು ಸಂತೋಷದಿಂದ ಹೊತ್ತುಕೊಂಡಿದ್ದೇನೆ, ಏಕೆಂದರೆ ನಿಜವಾದ ಕಾರಣಕ್ಕಿಂತ ಅದು ಹಗುರ.

ನಿಜವಾದ ಕಾರಣ ಚಾಮರಾಜನಗರದ ಕಡೆಯದು. ನಮ್ಮೂರಿನಲ್ಲಿ ಇದ್ದದ್ದು ಒಂದೇ ಕಟಿಂಗ್ ಶಾಪು. ಅದರಲ್ಲಿ ನಮ್ಮ ಕೇರಿಯವರ ತಲೆ ಮುಟ್ಟುತ್ತಿರಲಿಲ್ಲ. ಬೋರ್ಡು ಹಾಕಿರಲಿಲ್ಲ, ಯಾರೂ ಬೈದು ಓಡಿಸುತ್ತಲೂ ಇರಲಿಲ್ಲ. ನಾನೊಮ್ಮೆ, ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಹೋಗಿ ಅಲ್ಲಿಯ ಬೆಂಚಿನ ತುದಿಯಲ್ಲಿ ಕುಳಿತೆ. ನನಗಿಂತ ಮೊದಲು ಬಂದವರೆಲ್ಲ ಮುಗಿದರು, ಆಮೇಲೆ ಬಂದವರೂ ಮುಗಿದರು. ಕೊನೆಗೆ ಅಂಗಡಿಯವನು ಬಟ್ಟೆ ಕೊಡವಿ, “ಬ್ಲೇಡು ಮುಗುದೋಯ್ತು ಕಣಪ್ಪ, ಮನೆಗೋಗು” ಎಂದ. ಅವನ ಮುಖ ಕೆಟ್ಟದಾಗಿರಲಿಲ್ಲ. ನಮಗೆ ಕತ್ತರಿಸಿದರೆ ಮೇಲಿನ ಬೀದಿಯವರು ಅವನ ಕುರ್ಚಿಗೆ ಬರುತ್ತಿರಲಿಲ್ಲ; ಅವನಿಗೂ ಹೆಂಡತಿ ಮಕ್ಕಳು. ಇದೆಲ್ಲ ಈಗ ಅರ್ಥವಾಗುತ್ತದೆ. ಆಗ ಅರ್ಥವಾದದ್ದು, ಆ ಬೆಂಚಿನ ಮೇಲೆ ಇನ್ನು ಕೂರಬಾರದು ಎಂಬುದಷ್ಟೆ.

ನಮ್ಮಪ್ಪ ದನದ ಆಸ್ಪತ್ರೆಯಲ್ಲಿ ಅಟೆಂಡರು. ಗಾಯಗೊಂಡ ಎಮ್ಮೆಗೆ ಹೊಲಿಗೆ ಹಾಕುವ ಮೊದಲು ಅಲ್ಲಿಯ ಕೂದಲು ತೆಗೆಯಬೇಕಲ್ಲ, ಅದಕ್ಕೊಂದು ಕೈಮಿಷನ್ನು ಇತ್ತು. ಹಳೆಯದಾದ ಮೇಲೆ ಡಾಕ್ಟರು ಅದನ್ನು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ಬಿಸಿನೀರಿನಲ್ಲಿ ಕುದಿಸಿ, ಎಣ್ಣೆ ಬಿಟ್ಟು, ಮನೆಮುಂದೆ ಕಲ್ಲಿನ ಮೇಲೆ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ಆ ಮಿಷನ್ನು ಕತ್ತರಿಸಿದ್ದಕ್ಕಿಂತ ಕಿತ್ತದ್ದು ಹೆಚ್ಚು. ಕಿರುಚಿದರೆ, “ಅಲ್ಲಾಡ್ಬ್ಯಾಡ ಕಣ್ಲಾ, ಎಮ್ಮೆನೇ ಸುಮ್ಕಿರ್ತದೆ, ನಿಂಗೇನು?” ಎಂದು ಗದರುತ್ತಿದ್ದರು. ಕೇರಿಯ ಮಕ್ಕಳೆಲ್ಲ ಸಾಲಾಗಿ ಬಂದು ಕೂರುತ್ತಿದ್ದರಿಂದ ಶಾಲೆಯಲ್ಲಿ ನಮ್ಮನ್ನು ದೂರದಿಂದಲೇ ಗುರುತಿಸಬಹುದಿತ್ತು. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಕಟಿಂಗು.

ಇದನ್ನು ನಾನು ಈ ದೇಶದಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಮಗಳು ಮೈತ್ರಿಗೂ ಹೇಳಿರಲಿಲ್ಲ; ಚಿಕ್ಕಂದಿನಲ್ಲಿ ತಾತನೇ ನನ್ನ ಕೂದಲು ಕತ್ತರಿಸುತ್ತಿದ್ದರು ಎಂಬಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಅವಳು ಇಲ್ಲೇ ಹುಟ್ಟಿದವಳು, ಈಗ ಹೈಸ್ಕೂಲು. ಹೇಳಬೇಡಿ ಎಂದದ್ದು ನನ್ನ ಹೆಂಡತಿ ಪುಷ್ಪ. ಅವಳು ಹಾಗೆನ್ನಲು ಕಾರಣವಿತ್ತು. ಹಿಂದೆ ಇನ್ನೊಬ್ಬ ಕನ್ನಡಿಗರ ಮನೆಯಲ್ಲಿ ಬಾಡಿಗೆಗಿದ್ದಾಗ ಊರಿನಿಂದ ಬಂದ ಅವರ ನೆಂಟರೊಬ್ಬರು ನಮ್ಮ ಕೇರಿಯನ್ನು ಪತ್ತೆ ಹಚ್ಚಿಬಿಟ್ಟರು. ಯಾರೂ ಒಂದು ಮಾತು ಆಡಲಿಲ್ಲ. ಮೊದಲು ಹಬ್ಬದ ಕೋಸಂಬರಿ ಬರುವುದು ನಿಂತಿತು. ಆಮೇಲೆ, ಮನೆಯ ಮಾಲೀಕರ ತಮ್ಮನಿಗೆ ಮನೆ ಬೇಕಾಗಿದೆ ಎಂದು ನೋಟಿಸು ಬಂತು. ನಾವು ಖಾಲಿ ಮಾಡಿದ ಮೇಲೆ ಅಲ್ಲಿಗೆ ಬಂದದ್ದು ಯಾರೋ ಗುಜರಾತಿಗಳು. ಭೇದ ಮಾಡಬಾರದೆನ್ನುವ ಈ ದೇಶದ ಕಾನೂನಿನಲ್ಲಿ ಬಣ್ಣದ ಹೆಸರಿದೆ, ಜನಾಂಗದ ಹೆಸರಿದೆ. ನಮಗೆ ಆದದ್ದಕ್ಕೆ ಅದರಲ್ಲಿ ಹೆಸರು ಹುಡುಕಿದೆ, ಸಿಗಲಿಲ್ಲ.

ನಮ್ಮವರು ಜಾತಿ ಕೇಳುವುದಿಲ್ಲ ಎಂಬುದು ನಿಮಗೂ ಗೊತ್ತು. ಕೇಳುವುದು ಅಸಭ್ಯ. “ನಿಮ್ಮ ಮನೆದೇವರು ಯಾವುದು?” ಎನ್ನುತ್ತಾರೆ. “ಊರಲ್ಲಿ ಯಾವ ಬೀದಿ?” ಎನ್ನುತ್ತಾರೆ. “ಹಬ್ಬಕ್ಕೆ ನಿಮ್ಮಲ್ಲಿ ಏನು ವಿಶೇಷ ಮಾಡ್ತಾರೆ?” ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ನಾನು ಪಳಗಿದ ವಿದ್ಯಾರ್ಥಿ. ನನ್ನ ಹೆಸರು ನಂಜುಂಡಸ್ವಾಮಿ. ಈ ಹೆಸರನ್ನು ನಮ್ಮ ಕಡೆ ಎಲ್ಲ ಬೀದಿಯವರೂ ಇಟ್ಟುಕೊಳ್ಳುತ್ತಾರೆ. ಮನೆದೇವರು ನಂಜುಂಡೇಶ್ವರ ಎಂದರೆ ಮುಂದಿನ ಪ್ರಶ್ನೆಗೆ ದಾರಿಯೇ ಇಲ್ಲ. ಊಟ ಹೇಗೆ ಎಂದರೆ, ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ ಎನ್ನುತ್ತೇನೆ. ಮಗಳಿಗೆ ಮೈತ್ರಿ ಎಂದು ಹೆಸರಿಡುವಾಗಲೂ ಅದು ಎತ್ತ ಕಡೆಯಿಂದ ನೋಡಿದರೂ ಪತ್ತೆಯಾಗದ ಹೆಸರು ಎಂಬುದನ್ನು ಖಾತ್ರಿ ಮಾಡಿಕೊಂಡಿದ್ದೆವು.

ಈಗಿರುವ ಮನೆ ಸುಧಾ ಮತ್ತು ರಾಘು ಎಂಬ ಮೈಸೂರಿನ ದಂಪತಿಯದು. ಇಬ್ಬರೂ ಸಾಫ್ಟ್‌ವೇರು. ಮುಂದಿನ ಮನೆಯಲ್ಲಿ ಅವರು, ಹಿತ್ತಿಲಿನ ಚಿಕ್ಕ ಮನೆಯಲ್ಲಿ ನಾವು; ರಸ್ತೆಗೆ ಹೋಗುವುದು ಅವರ ಮನೆಯ ಮುಂದೆ ಹಾದೇ. ವೆಜ್ ಫ್ಯಾಮಿಲಿ ಬೇಕು ಎಂದು ಜಾಹೀರಾತು ಹಾಕಿದ್ದರು. ನಾವು ವೆಜ್ ಫ್ಯಾಮಿಲಿ ಆದೆವು. ಬಾಡು ತಿನ್ನಬೇಕೆನಿಸಿದ ದಿನ ದೂರದ ಪಾರ್ಕಿನ ಸಾರ್ವಜನಿಕ ಬಾರ್ಬೆಕ್ಯೂಗೆ ಹೋಗಿ, ಗಾಳಿ ಮಳೆ ಎನ್ನದೆ ನಿಂತು ಸುಟ್ಟು ತಿಂದು ಬರುತ್ತೇವೆ. ಪಕ್ಕದ ಬೆಂಚಿನವರು ನಮ್ಮನ್ನು ಅಪ್ಪಟ ಕೀವಿಗಳು, ಎಂದರೆ ಈ ದೇಶದವರೇ, ಎಂದು ಮೆಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲ ಕಷ್ಟ ಏಕೆಂದರೆ ಮನೆ ಚೆನ್ನಾಗಿದೆ. ಎದುರಿಗೇ ಬಸ್ ಸ್ಟಾಪು, ಮಗಳ ಶಾಲೆಗೆ ನಡೆದು ಹೋಗಬಹುದು, ಬಾಡಿಗೆ ನಮ್ಮ ಸಂಬಳ ತಡೆಯುವಷ್ಟು. ಈ ಊರಿನಲ್ಲಿ ಇನ್ನೊಂದು ಮನೆ ಹುಡುಕಬೇಕಾದರೆ ಈಗಿನ ಮನೆಯವರ ಶಿಫಾರಸು ಬೇಕು. ಅದು ಸಿಗುವುದು ಅವರ ಮನಸ್ಸು ಮುರಿಯದಿದ್ದರೆ ಮಾತ್ರ.

ಬೇಸಿಗೆಯಲ್ಲಿ ರಾಘುವಿನ ತಾಯಿ ಕಮಲಮ್ಮ ಮೈಸೂರಿನಿಂದ ಬಂದರು. ಒಳ್ಳೆಯ ಹೆಂಗಸು. ಮೈತ್ರಿಯನ್ನು ಕಂಡರೆ ಅವರಿಗೆ ಪ್ರಾಣ. ಪ್ರತಿ ಭಾನುವಾರ ಬೆಳಿಗ್ಗೆ ಮುಂದಿನ ಮನೆಯಲ್ಲಿ, ಡೆಕ್ ಎಂದು ಕರೆಯುವ ಮರದ ಜಗಲಿಯ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದರು. “ಇಷ್ಟು ಚೆಂದದ ಕೂದಲನ್ನ ಕೆದರಿಕೊಂಡು ಓಡಾಡ್ತೀಯಲ್ಲೇ ಕೂಸೇ” ಎಂದು ಅವರು ಬೈಯುವುದು ನಮ್ಮ ಅಡಿಗೆಮನೆಗೆ ಕೇಳಿಸುತ್ತಿತ್ತು. ಅವರು ಬಂದ ಎರಡನೆಯ ವಾರವೇ ನನ್ನನ್ನು ಮನೆದೇವರ ಬಗ್ಗೆ ಕೇಳಿದ್ದರು. ನಂಜುಂಡೇಶ್ವರ ಎಂದೆ. ಸಂತೋಷಪಟ್ಟರು. ಪುಷ್ಪ ಮಾತ್ರ ಅಂದಿನಿಂದ ಸರಿಯಾಗಿ ನಿದ್ದೆ ಮಾಡಲಿಲ್ಲ.

ಇಷ್ಟರಲ್ಲಿ ಶಾಲೆಯಲ್ಲಿ ಮೈತ್ರಿಗೊಂದು ಭಾಷಣದ ಕೆಲಸ ಕೊಟ್ಟರು. ಸಮಾನ ಹಕ್ಕಿಲ್ಲದ ಕಾಲವನ್ನು ಕಂಡ ಹಿರಿಯರೊಬ್ಬರನ್ನು ಮಾತಾಡಿಸಿ, ಅದನ್ನು ತರಗತಿಯ ಮುಂದೆ ಹೇಳಬೇಕು. ನಾನು ಅವಳನ್ನು ನಮ್ಮ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗಿ ಮಾತಿಯು ಎಂಬುವರ ಮುಂದೆ ಕೂರಿಸಿದೆ. ಅವರು ಮಾವೊರಿ, ಈ ನೆಲದ ಮೂಲನಿವಾಸಿ, ಎಂಬತ್ತು ದಾಟಿದವರು. ಅಲ್ಲಿ ಹಿರಿಯ ಗಂಡಸರನ್ನು ಮಾತುವಾ ಎಂದು ಕರೆಯುವುದು ಪದ್ಧತಿ, ನಾವು ಯಜಮಾನ್ರೇ ಎನ್ನುವ ಹಾಗೆ. ಬುಧವಾರ ಕೂದಲು ಕತ್ತರಿಸಲು ಬರುವವಳನ್ನು ಕಂಡರೆ ಈ ಯಜಮಾನರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೂದಲು ಭುಜಕ್ಕೆ ಇಳಿದಿತ್ತು. ಹಟಮಾರಿ ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದರು, ನಾನೂ ಕೂಡ.

ಮೈತ್ರಿ ನೇರವಾಗಿ ಅದನ್ನೇ ಕೇಳಿದಳು, ಯಾಕೆ ಕತ್ತರಿಸಿಕೊಳ್ಳುವುದಿಲ್ಲ ಎಂದು. ಅವರು ಆಡಿದ್ದು ಇಂಗ್ಲಿಷು. ನನಗೆ ಕೇಳಿಸಿದ್ದು ನಮ್ಮೂರಿನ ಕನ್ನಡ.

“ನಾನಿನ್ನೂ ಚಿಕ್ಕವನು ಮಗಾ. ನಮ್ಮಪ್ಪ ಈರುಳ್ಳಿ ಹೊಲದಲ್ಲಿ ಕೂಲಿ. ಈ ನಗರದ ದಕ್ಷಿಣಕ್ಕೆ ಈರುಳ್ಳಿ ಬೆಳೆಯೋ ಒಂದು ಊರಿದೆ, ಅಲ್ಲಿ. ಸಿನಿಮಾಕ್ಕೆ ಹೋದರೆ ನಮಗೆ ಕೆಳಗಿನ ಮುಂದಿನ ಸಾಲು ಮಾತ್ರ, ಮೇಲೆ ಬಿಳಿಯರು. ಅದಾದರೂ ಸರಿ, ಕತ್ತಲಲ್ಲಿ ಯಾರಿಗೆ ಕಾಣುತ್ತೆ. ಕಟಿಂಗ್ ಶಾಪಲ್ಲಿ ದೀಪ ಇರುತ್ತೆ. ಅಪ್ಪನ ಕೈ ಹಿಡ್ಕೊಂಡು ಹೋದೆ. ಅಂಗಡಿಯವನು ಅಪ್ಪನ ಮುಖ ಕೂಡ ನೋಡಲಿಲ್ಲ, ‘ನಿಮ್ಮವರಿಗೆ ಮಾಡಲ್ಲ’ ಅಂದ. ಅಪ್ಪ ಥ್ಯಾಂಕ್ಯೂ ಹೇಳಿದ. ನೋಡು, ಮಾಡಲ್ಲ ಅಂದವನಿಗೆ ಥ್ಯಾಂಕ್ಯೂ ಹೇಳಿದ. ಆಮೇಲೆ ನನ್ನ ಅಕ್ಕನೇ ಕತ್ತರಿಸ್ತಿದ್ದಳು. ಅವಳು ತೀರಿಹೋದಳು. ಇನ್ಯಾರಿಗೆ ತಲೆ ಕೊಡಲಿ?”

ಮೈತ್ರಿ ಅಳುತ್ತಿದ್ದಳು. ನಾನು ರಕ್ತದೊತ್ತಡದ ಮಿಷನ್ನನ್ನು ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದೆ. ಯಜಮಾನರು ನನ್ನ ತಲೆಯನ್ನು ದಿಟ್ಟಿಸಿ ನೋಡಿದರು.

“ನಿನ್ನದು ಯಾರಪ್ಪ ಮಾಡೋದು?”

“ನಾನೇ.”

“ಕಾಣುತ್ತೆ” ಎಂದು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿ ಇನ್ನೊಮ್ಮೆ ನೋಡಿದರು. ಏನು ಅರ್ಥವಾಯಿತೋ, “ಹಾಗಾದರೆ ನನ್ನದೂ ನೀನೇ ಮಾಡು” ಎಂದರು.

ಮಾವೊರಿಗಳಿಗೆ ತಲೆ ಪವಿತ್ರ. ಕೇಳದೆ ಮುಟ್ಟುವಂತಿಲ್ಲ, ಊಟದ ತಟ್ಟೆ ಹತ್ತಿರ ಇರಬಾರದು, ಕತ್ತರಿಸಿದ ಕೂದಲನ್ನು ಕಸಕ್ಕೆ ಹಾಕಬಾರದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನೆಲ್ಲ ಕಲಿಸಿದ್ದರು. ಮುಟ್ಟಲೇ ಎಂದು ಕೇಳಿದೆ. ಹೂಂ ಎಂದು ಕಣ್ಣು ಮುಚ್ಚಿದರು. ಮೊದಲು ಕತ್ತರಿ, ಆಮೇಲೆ ಟ್ರಿಮ್ಮರು ಹಿಡಿದೆ. ಕೂದಲನ್ನೆಲ್ಲ ಟವಲಿನಲ್ಲಿ ಕಟ್ಟಿ ಅವರ ಮೊಮ್ಮಗಳಿಗೆ ಕೊಟ್ಟೆ, ಅವರ ನೆಲದಲ್ಲಿ ಹೂಳುವುದಕ್ಕೆ. ಕಟಿಂಗು ನಮ್ಮಪ್ಪನದೇ ಆಗಿತ್ತು. ನನಗೂ ಗೊತ್ತಿರುವುದು ಅದೊಂದೇ.

ಮನೆಗೆ ಬರುವ ದಾರಿಯಲ್ಲಿ ಮೈತ್ರಿ ಬಸ್ಸಿನ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದಳು. ನಮ್ಮ ಸ್ಟಾಪು ಬರುವಾಗ ಕೇಳಿದಳು, “ಡ್ಯಾಡ್, ತಾತ ಯಾಕೆ ನಿನ್ನ ಹೇರ್ ಕಟ್ ಮಾಡ್ತಿದ್ರು?” ಉಳಿತಾಯ ಎಂದೆ. ಅವಳು ತಿರುಗಿ ನೋಡಲಿಲ್ಲ.

ಭಾಷಣದ ಹಿಂದಿನ ಶನಿವಾರ ಮಧ್ಯಾಹ್ನ ಸುಧಾ ನಮ್ಮನ್ನು ಕಾಫಿಗೆ ಕರೆದರು. ಕಮಲಮ್ಮನಿಗೆ ಮೈತ್ರಿಯ ಭಾಷಣ ಕೇಳಬೇಕಿತ್ತು. ಪುಷ್ಪ ಹೊರಡುವಾಗಲೇ ನನ್ನ ತೋಳು ಹಿಡಿದು, “ಏನಾದ್ರೂ ಕೇಳಿದ್ರೆ ನಕ್ಕು ಸುಮ್ನಾಗ್ಬುಡಿ” ಎಂದಳು. ಹಾಲಿನ ನಡುವೆ ನಿಂತು ಮೈತ್ರಿ ಇಂಗ್ಲಿಷಿನಲ್ಲಿ ಹೇಳಿದಳು, ಸುಧಾ ಅತ್ತೆಯ ಕಿವಿಗೆ ಕನ್ನಡದಲ್ಲಿ ಹೇಳುತ್ತ ಹೋದರು. ಸಿನಿಮಾದ ಕೆಳಗಿನ ಸಾಲು ಬಂತು, ಕಟಿಂಗ್ ಶಾಪು ಬಂತು, ಥ್ಯಾಂಕ್ಯೂ ಬಂತು. ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಯ್ಯೋ, ಎಂಥ ಕಟುಕರಪ್ಪ! ಮನುಷ್ಯರ ತಲೆ ಮುಟ್ಟಕ್ಕೂ ಬಣ್ಣ ನೋಡ್ತಿದ್ರಾ? ದೇವರು ಮೆಚ್ತಾನಾ ಇದನ್ನ?”

ಭಾಷಣ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಮೈತ್ರಿ ನನ್ನನ್ನೇ ನೋಡುತ್ತ ಕೊನೆಯ ಮಾತು ಹೇಳಿದಳು. “ನನ್ನ ಅಪ್ಪನೂ ಕಟಿಂಗ್ ಶಾಪಿಗೆ ಹೋಗುವುದಿಲ್ಲ, ಅವನಿಗೂ ಅವನ ಅಪ್ಪನೇ ಕತ್ತರಿಸುತ್ತಿದ್ದದ್ದು, ಯಾಕೆಂದು ನಾನು ಕೇಳಿದೆ, ಅವನು ಇನ್ನೂ ನಿಜವಾದ ಉತ್ತರ ಕೊಟ್ಟಿಲ್ಲ.”

ಸುಧಾ ಇದನ್ನು ಅನುವಾದಿಸಲಿಲ್ಲ. ಆದರೆ ಕಮಲಮ್ಮ ಮೇಷ್ಟರ ಮಗಳು, ಅಷ್ಟು ಇಂಗ್ಲಿಷು ಅವರಿಗೆ ಬರುತ್ತಿತ್ತು. “ಹೌದಾ ನಂಜುಂಡಸ್ವಾಮಿ? ಯಾಕಪ್ಪ?” ಎಂದು ಅಕ್ಕರೆಯಿಂದಲೇ ಕೇಳಿದರು. ಪುಷ್ಪ ನನ್ನ ಕಡೆ ನೋಡಿದ್ದು ನನ್ನ ಕೆನ್ನೆಗೆ ಗೊತ್ತಾಯಿತು. ನಂಜುಂಡೇಶ್ವರ ನಾಲಗೆಯ ತುದಿಯಲ್ಲಿದ್ದ, ಡಾಕ್ಟರ ಉಪ್ಪೂ ಇತ್ತು, ಉಳಿತಾಯವಂತೂ ಸದಾ ಸಿದ್ಧ. ಮಗಳು ಕೈ ಕಟ್ಟಿಕೊಂಡು ನಿಂತಿದ್ದಳು. ಹಾಗೆ ನಿಂತ ಅವಳ ಮುಂದೆ ಇನ್ನೊಂದು ಸುಳ್ಳು ನನ್ನ ಬಾಯಿಂದ ಹೊರಡಲಿಲ್ಲ.

“ನಮ್ಮೂರಲ್ಲಿ ನಮ್ಮ ಕೇರಿಯೋರ ತಲೆ ಮುಟ್ತಿರಲಿಲ್ಲ, ಅಮ್ಮ” ಎಂದೆ. “ನಾವು ಹೊಲೇರು. ಅದಕ್ಕೆ ಅಪ್ಪನೇ ಮಾಡೋರು.”

ರಾಘು ತಕ್ಷಣ, “ಇನ್ನೊಂದು ರೌಂಡ್ ಕಾಫಿ?” ಎಂದರು. ಕಮಲಮ್ಮ ಕಾಲು ನೋವೆಂದು ಎದ್ದು ಒಳಗೆ ಹೋದರು. ಸುಧಾ ಭಾಷಣ ತುಂಬಾ ಚೆನ್ನಾಗಿದೆ ಎಂದು ಎರಡೆರಡು ಸಲ ಹೇಳಿದರು. ನಾವು ಹಿತ್ತಿಲಿಗೆ ಬಂದೆವು.

ಪುಷ್ಪ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ, ಅಕ್ಕಿ ತೊಳೆಯತೊಡಗಿದಳು. ಮೈತ್ರಿ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಅವಳ ಪ್ರಶ್ನೆಗಳಿಗೆಲ್ಲ ಅಂದು ಉತ್ತರ ಕೊಟ್ಟೆ, ಎಮ್ಮೆಯ ಮಿಷನ್ನಿನ ಕತೆಯನ್ನೂ ಹೇಳಿದೆ. ನಕ್ಕಳು. ನಗುತ್ತಲೇ, “ಬಟ್ ಅಜ್ಜಿ ಲವ್ಸ್ ಮಿ” ಎಂದಳು. ಅವಳು ಅಜ್ಜಿ ಎಂದದ್ದು ಕಮಲಮ್ಮನನ್ನು. ಹೌದು, ಪ್ರೀತಿ ಇದೆ ಎಂದೆ. ಸುಳ್ಳಲ್ಲ ಅದು.

ಮರುದಿನ ಭಾನುವಾರ. ಮೈತ್ರಿ ಎಂದಿನಂತೆ ಎಣ್ಣೆಯ ಬಾಟಲಿ, ಬಾಚಣಿಗೆ ಹಿಡಿದು ಡೆಕ್ಕಿನ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ನಾವಿಬ್ಬರೂ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದೆವು. ಒಳಗೆ ಟಿವಿಯ ಸದ್ದು ಕೇಳುತ್ತಿತ್ತು, ಪರದೆ ಒಮ್ಮೆ ಸರಿದು ಮತ್ತೆ ಮುಚ್ಚಿಕೊಂಡಿತು. ಬಾಗಿಲು ತೆರೆಯಲಿಲ್ಲ. ಹೋಗಿ ಕರೆದುಕೊಂಡು ಬರುತ್ತೇನೆಂದು ಹೊರಟ ನನ್ನನ್ನು ಪುಷ್ಪ ತಡೆದಳು. ಬಿಸಿಲು ಮೆಟ್ಟಿಲು ದಾಟಿ ಹೋಗುವವರೆಗೂ ಮಗಳು ಕಾದು, ತಾನೇ ಎದ್ದು ಬಂದಳು. ಅಜ್ಜಿಗೆ ಹುಷಾರಿಲ್ಲವೇನೋ ಎಂದಳು. ನಾನೂ ಹಾಗೇ ಇರಬಹುದು ಎಂದೆ. ಈ ಸಲ ಆಡಿದ್ದು ಸುಳ್ಳು, ಮತ್ತು ಅದು ಅವಳಿಗೂ ಗೊತ್ತಿತ್ತು. ಅಷ್ಟೂ ವರ್ಷ ಬಾರದೇ ಇದ್ದ ಆ ಹಳೆಯ ಬೆಂಚಿನ ಸಿಟ್ಟು ನನಗೆ ಆ ಬೆಳಿಗ್ಗೆ ಒಟ್ಟಿಗೇ ಬಂತು.

ಸಂಜೆ ಸುಧಾ ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು. ಅವರ ಕಣ್ಣು ಕೆಂಪಾಗಿತ್ತು, ಅದನ್ನೂ ಹೇಳಬೇಕು.

“ನಮಗೇನೂ ಇಲ್ಲ ಪುಷ್ಪ, ನಿಮಗೆ ಗೊತ್ತಲ್ಲ. ನಾನು, ರಾಘು ಇದನ್ನೆಲ್ಲ ನಂಬಲ್ಲ. ಅತ್ತೆ ಹಳೇ ಕಾಲದವರು, ಬೆಳಿಗ್ಗೆ ತುಳಸಿ ಪೂಜೆಗೆ ಡೆಕ್ ಮೇಲೆ ಕೂತಿರ್ತಾರೆ. ಅವರು ಇರೋವರೆಗೂ… ಆ ಕಡೆ ಬಿನ್ ಇಡೋ ಸೈಡ್ ಗೇಟ್ ಇದೆಯಲ್ಲ, ಅದರಲ್ಲಿ ಓಡಾಡಿದ್ರೆ ಯಾರಿಗೂ ಬೇಜಾರಾಗಲ್ಲ. ಮನೆ ವಿಷಯ ಏನೂ ಯೋಚನೆ ಮಾಡಬೇಡಿ. ಎಷ್ಟು ವರ್ಷ ಬೇಕಾದ್ರೂ ಇರಿ.”

ಮನೆ ಉಳಿಯಿತು! ಹೇಳಿದರೆ ನಗಬೇಡಿ, ನನಗೆ ಮೊದಲು ಹೊಳೆದದ್ದು ಅದೇ. ಬಾಡಿಗೆ ಅದೇ, ಬಸ್ ಸ್ಟಾಪು ಅದೇ. ಕೊಡಬೇಕಾದದ್ದು ಒಂದು ಗೇಟು ಮಾತ್ರ. ಥ್ಯಾಂಕ್ಯೂ ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಪುಷ್ಪ, “ಯೋಚನೆ ಮಾಡ್ತೀವಿ ಸುಧಾ” ಎಂದು ಮೆಲ್ಲಗೆ ಬಾಗಿಲು ಹಾಕಿದಳು.

ಹಾಕಿದವಳು ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ಹೇಳಬೇಡಿ, ಸುಮ್ಮನಿರಿ, ನಕ್ಕುಬಿಡಿ ಎಂದವಳು ಅವಳೇ. “ಬೇರೆ ಮನೆ ನೋಡನ” ಎಂದಳು. “ಅವರು ಶಿಫಾರಸು ಕೊಡ್ದಿದ್ರೆ ಬುಡ್ಲಿ. ಆದ್ರೆ ಇಲ್ಲಿರೋಗಂಟ ಮುಂದ್ಲ ದಾರೀಲೇ ಓಡಾಡದು. ನನ್ ಮಗಳು ಕಸದ ಬಿನ್ ಪಕ್ಕದಲ್ಲಿ ಹಾದು ಸ್ಕೂಲಿಗೋಗಲ್ಲ.” ಅವಳು ಊರಿನ ಮಾತಿಗೆ ಇಳಿದಳೆಂದರೆ ನಾನು ವಾದಿಸುವುದಿಲ್ಲ. ತಲೆಯಾಡಿಸಿದೆ.

ಸೋಮವಾರ ಬೆಳಿಗ್ಗೆ ಮೂವರೂ ಒಟ್ಟಿಗೆ ಹೊರಟೆವು. ಪುಷ್ಪಳಿಗೆ ಲ್ಯಾಬಿನ ಕೆಲಸಕ್ಕೆ ಬಸ್ಸು, ನನಗೆ ಡ್ಯೂಟಿ, ಮಗಳಿಗೆ ಭಾಷಣದ ದಿನ. ಬೂಟಿನ ದಾರ ಕಟ್ಟಿ ತಲೆಯೆತ್ತಿದರೆ ನಾನು ಬಿನ್ನುಗಳ ಪಕ್ಕದಲ್ಲಿದ್ದೆ, ಕೈ ಸೈಡ್ ಗೇಟಿನ ಚಿಲಕದ ಮೇಲಿತ್ತು. ಮನಸ್ಸು ಒಪ್ಪಿಕೊಂಡದ್ದನ್ನು ಕಾಲಿಗೆ ಯಾರೂ ತಿಳಿಸಿರಲಿಲ್ಲ. ಅವರಿಬ್ಬರೂ ಆಗಲೇ ಮುಂದಿನ ದಾರಿಯಲ್ಲಿ ಡೆಕ್ಕಿನ ಹತ್ತಿರ ಹೋಗಿದ್ದರು. ನಾನು ಬಹುತೇಕ ಓಡಿಕೊಂಡೇ ಹೋಗಿ ಅವರನ್ನು ಸೇರಿಕೊಂಡೆ.

ಕಮಲಮ್ಮ ತುಳಸಿ ಕುಂಡದ ಮುಂದೆ ಕುಳಿತಿದ್ದರು. ಪುಷ್ಪ ನಿಂತು, “ನಮಸ್ಕಾರ ಅಮ್ಮ” ಎಂದಳು. ಕಮಲಮ್ಮ ನಮ್ಮನ್ನು ನೋಡಿದರು. ಆಮೇಲೆ ತುಳಸಿಯ ಕಡೆ ತಿರುಗಿ ಒಂದು ಒಣಗಿದ ಎಲೆಯನ್ನು ಕಿತ್ತರು. ಪುಷ್ಪ ಅಲ್ಲಿಂದ ಕದಲಲಿಲ್ಲ. ಮೈತ್ರಿ ಅಮ್ಮನ ಪಕ್ಕದಲ್ಲಿ, ಅವಳ ಪಕ್ಕದಲ್ಲಿ ನಾನು. ಸುಧಾ ಒಳಗಿನಿಂದ ಗಾಜಿನ ಬಾಗಿಲಿಗೆ ಬಂದು, ಅಲ್ಲೇ ನಿಂತುಬಿಟ್ಟರು. ರಸ್ತೆಯಲ್ಲಿ ಪುಷ್ಪಳ ಬಸ್ಸು ಬಂತು, ನಿಂತಿತು. ಹತ್ತುವವರು ಹತ್ತಿದರು. ಅಮ್ಮಾ, ಬಸ್ ಎಂದು ಮೈತ್ರಿ ಪಿಸುಗುಟ್ಟಿದಳು. ಬಸ್ಸು ಹೊರಟುಹೋಯಿತು. ಪುಷ್ಪ ಅದರ ಕಡೆ ತಿರುಗಿಯೂ ನೋಡದೆ, ಇನ್ನೊಂದು ಸಲ, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ಹೇಳಿದಳು:

“ನಮಸ್ಕಾರ, ಅಮ್ಮ.”